ಫೈರ್‌ವಾಲ್ ದಾಟಿಸಿ ವೈರ್ ತರಲು ತೂತು ಕೊರೆಯಲೇಬೇಕಾ?

ನೀವು ಕೇಳಿರುವುದು ಇಷ್ಟು: ಕಾರಿಗೆ ಒಂದು ಜೊತೆ ಹ್ಯಾಲೊಜೆನ್ ಫಾಗ್ ಲ್ಯಾಂಪ್, ಒಂದು ಡ್ಯಾಶ್‌ಕ್ಯಾಮ್, ಆಮೇಲೆ ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್ ಕೂರಿಸಬೇಕು. ಬ್ಯಾಟರಿ ಬಾನೆಟ್ ಕೆಳಗಿದೆ. ಸ್ವಿಚ್ ಡ್ಯಾಶ್‌ಬೋರ್ಡಿನಲ್ಲಿ ಬೇಕು. ನಡುವೆ ಫೈರ್‌ವಾಲ್, ಅಂದರೆ ಇಂಜಿನ್ ಭಾಗವನ್ನೂ ನಾವು ಕೂರುವ ಭಾಗವನ್ನೂ ಬೇರ್ಪಡಿಸುವ ತಗಡಿನ ಗೋಡೆ, ಅಡ್ಡ ಇದೆ. ಎಲ್ಲಿ ಕೊರೆಯಬೇಕು, ಎಷ್ಟು ದೊಡ್ಡ ತೂತು ಬೇಕು, ನೀರು ಒಳಗೆ ಬರದ ಹಾಗೆ ಏನು ಮಾಡಬೇಕು?

ಡ್ರಿಲ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ. ನಿಮ್ಮ ಮೂರು ಸಾಮಾನುಗಳಲ್ಲಿ ದಪ್ಪ ವೈರ್ ಈ ಗೋಡೆ ದಾಟಲೇಬೇಕಾದದ್ದು ಒಂದಕ್ಕೆ ಮಾತ್ರ. ಇನ್ನೊಂದಕ್ಕೆ ತೆಳ್ಳಗಿನ ಒಂಟಿ ವೈರ್ ಸಾಕು. ಮೂರನೆಯದಕ್ಕೆ ಅದೂ ಬೇಡ. ನಾನು ಬಿಡುವಿದ್ದಾಗ ನನ್ನ ಗಾಡಿ, ಪರಿಚಯದವರ ಗಾಡಿ ಅಂತ ಈ ಕೆಲಸ ಮಾಡುತ್ತಿರುತ್ತೇನೆ. ಹೊಸದಾಗಿ ತೂತು ಕೊರೆಯಲೇಬೇಕಾದ ಕಾರು ಸಿಗುವುದು ಅಪರೂಪ.

ಮೊದಲು ಡ್ಯಾಶ್‌ಕ್ಯಾಮ್ ವಿಷಯ ಮುಗಿಸಿಬಿಡೋಣ. ಅದು ಎಳೆಯುವ ಕರೆಂಟ್ ಸಾಮಾನ್ಯವಾಗಿ ಅರ್ಧ ಆಂಪ್ ಆಸುಪಾಸು. ಅಷ್ಟಕ್ಕಾಗಿ ಬ್ಯಾಟರಿಯವರೆಗೆ ಹೋಗುವುದು ಸುಮ್ನೆ ದಂಡ. ಬಹುಪಾಲು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೂ ಒಂದು ಫ್ಯೂಸ್ ಬಾಕ್ಸ್ ಇರುತ್ತದೆ. ಒಂದು ಫ್ಯೂಸ್ ಕಿತ್ತು, ಅದೇ ಜಾಗಕ್ಕೆ ಎರಡು ಫ್ಯೂಸ್ ಕೂರುವ ಫ್ಯೂಸ್ ಟ್ಯಾಪ್ ಹಾಕಿ ಅಲ್ಲಿಂದಲೇ ಕರೆಂಟ್ ತೆಗೆದುಕೊಳ್ಳಿ. ಏರ್‌ಬ್ಯಾಗ್, ಎಬಿಎಸ್, ಇಂಜಿನ್ ಕಂಪ್ಯೂಟರ್ ಇವುಗಳ ಫ್ಯೂಸ್ ಮಾತ್ರ ಮುಟ್ಟಬೇಡಿ. ಸಿಗರೇಟ್ ಲೈಟರ್ ಸಾಕೆಟ್ಟಿನದೋ ರೇಡಿಯೊದ್ದೋ ಆಗುತ್ತದೆ. ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಆಗಬೇಕಿದ್ದರೆ ಬ್ಯಾಟರಿ ವೋಲ್ಟೇಜ್ ಇಳಿದಾಗ ತಾನೇ ನಿಲ್ಲುವ ಹಾರ್ಡ್‌ವೈರ್ ಕಿಟ್ ತೆಗೆದುಕೊಳ್ಳಿ. ಅಲ್ಲಿಗೆ ಅದರ ಕಥೆ ಮುಗಿಯಿತು.

ಫಾಗ್ ಲ್ಯಾಂಪಿನದು ಸ್ವಲ್ಪ ಸ್ವಾರಸ್ಯದ ವಿಷಯ. 55 ವಾಟಿನ ಎರಡು ಬಲ್ಬ್ ಅಂದರೆ 110 ವಾಟ್, ಹೆಚ್ಚುಕಡಿಮೆ 9 ಆಂಪ್. ಹಲವರು ಮಾಡುವುದು ಹೀಗೆ: ಬ್ಯಾಟರಿಯಿಂದ ವೈರ್ ಒಳಗೆ ತಂದು, ಸ್ವಿಚ್ಚಿಗೆ ಕೊಟ್ಟು, ಮತ್ತೆ ಹೊರಗೆ ಬಂಪರ್‌ವರೆಗೆ ಒಯ್ಯುತ್ತಾರೆ. ಈ ಸುತ್ತಾಟ ಸುಲಭವಾಗಿ 5 ಮೀಟರ್ ಆಗುತ್ತದೆ. ಒಂದೂವರೆ ಚದರ ಮಿಲಿಮೀಟರ್ ತಾಮ್ರದ ವೈರಾದರೆ ದಾರಿಯಲ್ಲೇ ಅರ್ಧ ವೋಲ್ಟ್ ಹೋಯಿತು. ಅರ್ಧ ವೋಲ್ಟ್ ತಾನೇ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 5ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 15ರಷ್ಟು ಕಡಿಮೆಯಾಗುತ್ತದೆ. ಜೊತೆಗೆ 9 ಆಂಪ್ ತಡೆದುಕೊಳ್ಳುವ ಸ್ವಿಚ್ ಬೇಕು, ಎರಡು ದಪ್ಪ ವೈರ್ ಫೈರ್‌ವಾಲ್ ದಾಟಬೇಕು. ಎಲ್ಲ ರೀತಿಯಲ್ಲೂ ನಷ್ಟ.

ಇದಕ್ಕೆ ರಿಲೇ ಇದೆ, ಅಂದರೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್. ರಿಲೇಯನ್ನು ಬಾನೆಟ್ ಕೆಳಗೇ ಕೂರಿಸಿ. ಅದರ ಅಡಿಯಲ್ಲಿ 30, 85, 86, 87 ಅಂತ ಬರೆದಿರುತ್ತದೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಲ್ಯಾಂಪಿಗೆ. 85, 86 ರಿಲೇ ಒಳಗಿನ ಕಾಯಿಲ್‌ನ ಎರಡು ತುದಿ. ಆ ಕಾಯಿಲ್ ಎಳೆಯುವುದು ಅಬ್ಬಬ್ಬಾ ಅಂದರೆ 150ರಿಂದ 200 ಮಿಲಿಆಂಪ್. ಹಾಗಾಗಿ ಸ್ವಿಚ್ಚಿಗೆ ಹೋಗುವ ವೈರ್ ತೆಳ್ಳಗಿದ್ದರೂ ನಡೆಯುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಕಾಯಿಲ್‌ನ ಪ್ಲಸ್ ಬದಿಯನ್ನು, ಅಂದರೆ 86ನ್ನು, ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸಿನಲ್ಲಿ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನಿಂದ ಕೊಡಿ. 85ನ್ನು ಒಂದೇ ವೈರಿನಲ್ಲಿ ಒಳಗೆ ತಂದು ಸ್ವಿಚ್ಚಿಗೆ ಕೊಡಿ. ಸ್ವಿಚ್ಚಿನ ಇನ್ನೊಂದು ಕಾಲು ಬಾಡಿ ಅರ್ತ್‌ಗೆ, ಅಂದರೆ ಬ್ಯಾಟರಿ ಮೈನಸ್‌ಗೆ ಸೇರಿರುವ ಕಾರಿನ ತಗಡಿಗೆ. ಸ್ವಿಚ್ ಒತ್ತಿದರೆ ಕಾಯಿಲ್ಲಿಗೆ ಅರ್ತ್ ಸಿಗುತ್ತದೆ, ಲ್ಯಾಂಪ್ ಹತ್ತುತ್ತದೆ. ಲಾಭ ಏನು? ಫೈರ್‌ವಾಲ್ ದಾಟುವ ವೈರ್ ಒಂದೇ. ಮುಂದೆ ಎಂದಾದರೂ ಅದರ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ತಗಡಿಗೆ ತಾಗಿದರೂ ಬೆಂಕಿಯ ಮಾತೇ ಇಲ್ಲ. ಆಗುವುದಿಷ್ಟೇ, ಸ್ವಿಚ್ ಆಫ್ ಮಾಡಿದರೂ ಲ್ಯಾಂಪ್ ಆರುವುದಿಲ್ಲ. ಎಲ್ಲೋ ವೈರ್ ತಾಗಿದೆ ಅಂತ ನಿಮಗೇ ಗೊತ್ತಾಗುತ್ತದೆ. ಸ್ವಿಚ್ಚಿನೊಳಗೆ ಪುಟ್ಟ ಸೂಚಕ ದೀಪ ಇದ್ದರೆ ಅದರ ಪ್ಲಸ್ ಅನ್ನು ಒಳಗಿನ ಫ್ಯೂಸ್ ಬಾಕ್ಸಿನಿಂದಲೇ ತೆಗೆದುಕೊಳ್ಳಬಹುದು.

ಉಳಿದದ್ದು ಆಂಪ್ಲಿಫೈಯರ್. ಇದಕ್ಕೆ ದಪ್ಪ ವೈರ್ ಬ್ಯಾಟರಿಯಿಂದ ಡಿಕ್ಕಿಯವರೆಗೆ ಹೋಗಲೇಬೇಕು. ಅದರ ಮೇಲಿನ ಫ್ಯೂಸ್ 60 ಆಂಪ್ ಇದ್ದು ದೂರ 5 ಮೀಟರ್ ಇದ್ದರೆ 16 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ, ಪೂರ್ತಿ 60 ಆಂಪ್ ಹರಿದರೂ, ಮೂರನೇ ಒಂದು ವೋಲ್ಟ್ ಇಳಿಯುತ್ತದೆ. ಅದು ಪರವಾಗಿಲ್ಲ. ವೈರ್ ಕೊಳ್ಳುವಾಗ ತುದಿ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರದ ವೈರಿಗೆ ಹೋಲಿಸಿದರೆ ಅದು ಕರೆಂಟ್ ಸಾಗಿಸುವುದು ಮೂರರಲ್ಲಿ ಎರಡು ಪಾಲು ಮಾತ್ರ. ಮನೆ ವೈರಿಂಗಿನಲ್ಲಿ ಉಳಿದ ತುಂಡನ್ನೂ ಬಳಸಬೇಡಿ. ಮಾಮೂಲಿ ಮನೆ ವೈರಿನ ಪಿವಿಸಿ 70 ಡಿಗ್ರಿಗೆ ಮಾಡಿದ್ದು, ಬಾನೆಟ್ ಕೆಳಗಿನ ಬಿಸಿ ಅದಕ್ಕೆ ಜಾಸ್ತಿಯಾಗುತ್ತದೆ.

ಈಗ ಗೋಡೆಯ ಹತ್ತಿರ ಬರೋಣ. ಇದು ಯಾಕೆ ಇಷ್ಟು ಸೂಕ್ಷ್ಮ ಅಂದರೆ, ಈಗಿನ ಕಾರುಗಳಲ್ಲಿ ಇಡೀ ಬಾಡಿ ಬ್ಯಾಟರಿಯ ಮೈನಸ್‌ಗೆ ಸೇರಿರುತ್ತದೆ. ಅಂದರೆ ಫೈರ್‌ವಾಲ್ ಪೂರ್ತಿ ಮೈನಸ್. ಪ್ಲಸ್ ವೈರ್ ಆ ತಗಡಿನ ಅಂಚಿಗೆ ಒರಗಿ ಅಲ್ಲಾಡುತ್ತಾ ಇದ್ದರೆ, ಒಂದಲ್ಲ ಒಂದು ದಿನ ಅಂಚು ವೈರಿನ ಸಿಪ್ಪೆ ಸುಲಿಯುತ್ತದೆ. ಸೀಸದ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪ್ ಕೊಡಬಲ್ಲದು. ಮಧ್ಯೆ ಫ್ಯೂಸ್ ಇಲ್ಲದಿದ್ದರೆ ವೈರೇ ಹೀಟರ್ ಆಗುತ್ತದೆ, ಅದೂ ಕಾರ್ಪೆಟ್ ಮತ್ತು ಸ್ಪಂಜಿನ ನಡುವೆ. ಇದೇ ಗೋಡೆ ಇಂಜಿನ್ ಹೊಗೆ, ಶಬ್ದ, ನೀರು ಒಳಗೆ ಬರದ ಹಾಗೂ ತಡೆಯುತ್ತಿರುತ್ತದೆ. ತೂತು ಸರಿಯಾಗಿ ಮುಚ್ಚದಿದ್ದರೆ ಈ ಮೂರೂ ಬರುತ್ತವೆ.

ಹಾಗಾಗಿ ಮೊದಲ ಕೆಲಸ ಬ್ಯಾಟರಿಯ ಮೈನಸ್ ಬಿಚ್ಚುವುದು. ಏರ್‌ಬ್ಯಾಗ್ ಇರುವ ಕಾರಾದರೆ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು ಆಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ. ಅಲ್ಲಿ ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಅದರ ತಂಟೆಗೆ ಹೋಗಬೇಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಹೈ ವೋಲ್ಟೇಜ್ ಲೈನ್. ಅಂಥ ಗಾಡಿಯಾದರೆ ಫೈರ್‌ವಾಲ್ ಕೆಲಸವನ್ನು ಆ ತರಬೇತಿ ಇರುವವರಿಗೇ ಬಿಡಿ.

ದಾರಿ ಹುಡುಕುವುದು ಹೇಗೆ? ಇನ್ನೊಬ್ಬರು ಜೊತೆಗಿದ್ದರೆ ಅರ್ಧ ಕೆಲಸ ಆದ ಹಾಗೆ. ಸಂಜೆ ಕತ್ತಲಲ್ಲಿ ಅಥವಾ ಮಬ್ಬು ಜಾಗದಲ್ಲಿ ಗಾಡಿ ನಿಲ್ಲಿಸಿ. ಒಬ್ಬರು ಬಾನೆಟ್ ಕಡೆಯಿಂದ ಬಲವಾದ ಟಾರ್ಚ್ ಹಿಡಿಯಲಿ, ಇನ್ನೊಬ್ಬರು ಪೆಡಲ್‌ಗಳ ಕೆಳಗೆ ತಲೆ ಹಾಕಿ ನೋಡಲಿ. ಎಲ್ಲೆಲ್ಲಿ ರಬ್ಬರ್ ಇದೆ, ಎಲ್ಲೆಲ್ಲಿ ಪ್ಲಾಸ್ಟಿಕ್ ಮುಚ್ಚಳ ಇದೆ ಅಂತ ಗುರುತು ಮಾಡಿಕೊಳ್ಳಿ.

ನಾನು ಮೊದಲು ಹುಡುಕುವುದು ಖಾಲಿ ಮುಚ್ಚಳವನ್ನು. ಕಾರು ಕಂಪನಿಗಳು ಒಂದೇ ಬಾಡಿಯಿಂದ ಹಲವು ಬಗೆಯ ಗಾಡಿ ಮಾಡುತ್ತವೆ. ಮ್ಯಾನ್ಯುಯಲ್ ಗೇರಿನ ಕಾರಿಗೆ ಕ್ಲಚ್ ಹಾದುಹೋಗಲು ತೂತು ಬೇಕು. ಆಟೊಮ್ಯಾಟಿಕ್ ಗಾಡಿಯಲ್ಲಿ ಎಷ್ಟೋ ಸಲ ಅದೇ ತೂತು ಮುಚ್ಚಳ ಹಾಕಿಕೊಂಡು ಸುಮ್ಮನಿರುತ್ತದೆ. ಎಡಗಡೆ ಸ್ಟೀರಿಂಗ್, ಬಲಗಡೆ ಸ್ಟೀರಿಂಗ್ ಎರಡೂ ಬರುವ ಮಾದರಿಗಳಲ್ಲಿ ಚಾಲಕನ ಎದುರು ಬದಿಯಲ್ಲೂ ಹೀಗೆ ಬಳಕೆಗೆ ಬಾರದ ತೂತು ಸಿಗುವುದುಂಟು. ಇಂಥದ್ದು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮುಚ್ಚಳ ತೆಗೆದು, ಅದೇ ಅಳತೆಯ ರಬ್ಬರ್ ಗ್ರಾಮೆಟ್ (ತಗಡಿನ ಅಂಚು ವೈರಿಗೆ ತಾಗದ ಹಾಗೆ ತೂತಿಗೆ ಕೂರಿಸುವ ರಬ್ಬರ್ ಬಳೆ) ಕೂರಿಸಿದರೆ ಆಯಿತು.

ಅದು ಸಿಗದಿದ್ದರೆ ಬಾನೆಟ್ ತೆರೆಯುವ ಕೇಬಲ್ ಬರುವ ಗ್ರಾಮೆಟ್ ನೋಡಿ. ಅಲ್ಲಿ ಇರುವುದು ಒಂದೇ ಕೇಬಲ್, ಪಕ್ಕದಲ್ಲಿ ರಬ್ಬರ್ ಜಾಸ್ತಿ ಇರುತ್ತದೆ. ಫಾಗ್ ಲ್ಯಾಂಪಿನ ತೆಳ್ಳಗಿನ ವೈರಿಗೆ ಹೇಳಿ ಮಾಡಿಸಿದ ಜಾಗ. ಮೂರನೆಯದು ಕಾರಿನ ಮುಖ್ಯ ಹಾರ್ನೆಸ್, ಅಂದರೆ ಕಂಪನಿಯೇ ಹಾಕಿರುವ ವೈರುಗಳ ಕಟ್ಟು, ಬರುವ ದೊಡ್ಡ ಗ್ರಾಮೆಟ್. ಅದರಲ್ಲಿ ಕೆಲವು ಸಲ ಒಂದೆರಡು ಸಣ್ಣ ರಬ್ಬರ್ ಮೊನೆಗಳು ಖಾಲಿ ನಿಂತಿರುತ್ತವೆ. ಮೊನೆಯ ತುದಿ ಕತ್ತರಿಸಿದರೆ ಅದೇ ಹೊಸ ವೈರಿಗೆ ದಾರಿ. ಎಷ್ಟೋ ಜನರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಹೋಗಬಾರದ ಜಾಗಗಳನ್ನೂ ಹೇಳಿಬಿಡುತ್ತೇನೆ. ಸ್ಟೀರಿಂಗ್ ಶಾಫ್ಟ್ ಸುತ್ತಲಿನ ರಬ್ಬರ್ ಕವಚ ಬೇಡ, ಅದರೊಳಗೆ ತಿರುಗುವ ಶಾಫ್ಟ್ ಇದೆ. ಬ್ರೇಕ್ ಪೆಡಲ್ ಎದುರಿಗೆ ಬಾನೆಟ್ ಕಡೆ ಇರುವ ದುಂಡನೆಯ ಬ್ರೇಕ್ ಬೂಸ್ಟರ್ ಆಸುಪಾಸು ಬೇಡ. ಏಸಿಯ ನೀರು ಹೊರಗೆ ಹೋಗುವ ಪೈಪಂತೂ ಬೇಡವೇ ಬೇಡ. ಅದು ಖಾಲಿ ದಾರಿಯ ಹಾಗೆ ಕಾಣುತ್ತದೆ, ಆದರೆ ವೈರ್ ತುರುಕಿದರೆ ನೀರು ಹೊರಗೆ ಹೋಗದೆ ಕಾರ್ಪೆಟ್ ಮೇಲೆ ಇಳಿಯುತ್ತದೆ.

ಗ್ರಾಮೆಟ್ ಚುಚ್ಚುವುದಕ್ಕೆ ಚಾಕು, ಬ್ಲೇಡ್ ಬಳಸಬೇಡಿ. ಸೀಳಿದ ರಬ್ಬರ್ ಹರಿಯುತ್ತಾ ಹೋಗುತ್ತದೆ, ವೈರಿನ ಸುತ್ತ ಬಿಗಿಯಾಗಿ ಕೂರುವುದಿಲ್ಲ. ದಬ್ಬಳದಿಂದ ಒಂದು ಸಣ್ಣ ಚುಚ್ಚು ಹಾಕಿ, ಆಮೇಲೆ ಮೊಂಡು ತುದಿಯ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಹಿಗ್ಗಿಸಬೇಕು. ಚುಚ್ಚುವುದು ವೈರ್ ಕಟ್ಟಿನಿಂದ ದೂರ, ರಬ್ಬರಿನ ಅಂಚಿನ ಕಡೆ. ಹಾರ್ನೆಸ್ ಒಳಗೆ ದಬ್ಬಳ ಹೋದರೆ ಯಾವ ವೈರಿಗೆ ತಾಗಿತು ಅಂತ ತಿಂಗಳುಗಟ್ಟಲೆ ಹುಡುಕಬೇಕಾದೀತು. ಸಾಧ್ಯವಾದರೆ ಗ್ರಾಮೆಟ್ಟನ್ನು ತಗಡಿನಿಂದ ಸ್ವಲ್ಪ ಈಚೆ ಎಳೆದುಕೊಂಡು ಚುಚ್ಚಿ, ವೈರ್ ತೂರಿಸಿ, ಮತ್ತೆ ಸರಿಯಾಗಿ ಕೂರಿಸಿ.

ವೈರ್ ಎಳೆಯುವುದು ಲಾಡಿ ಪೋಣಿಸುವ ಕೆಲಸದ ಹಾಗೇ. ಮೆತ್ತನೆಯ ವೈರನ್ನು ತಳ್ಳಿದರೆ ಮುಂದೆ ಹೋಗುವುದಿಲ್ಲ, ಗಟ್ಟಿಯಾದದ್ದೊಂದು ಮುಂದೆ ಹೋಗಬೇಕು. ಬಟ್ಟೆ ಹ್ಯಾಂಗರಿನ ತಂತಿ ನೆಟ್ಟಗೆ ಮಾಡಿಕೊಂಡರೆ ಸಾಕು. ಅದರ ತುದಿ ಮಡಿಸಿ ಮೊಂಡು ಮಾಡಿ, ಪೂರ್ತಿ ಟೇಪ್ ಸುತ್ತಿ, ಇಲ್ಲದಿದ್ದರೆ ದಾರಿಯಲ್ಲಿ ಏನನ್ನಾದರೂ ಕೆರೆಯುತ್ತದೆ. ಬ್ಯಾಟರಿ ಮೈನಸ್ ಬಿಚ್ಚಿರಬೇಕು ಅಂದಿದ್ದು ಇದಕ್ಕೂ ಸೇರಿಸಿ. ಬರಿಯ ತಂತಿಯನ್ನು ಕಾಣದ ಜಾಗಕ್ಕೆ ತೂರಿಸುತ್ತಿದ್ದೀರಿ. ತಂತಿ ಆ ಕಡೆ ಸಿಕ್ಕ ಮೇಲೆ ಅದಕ್ಕೆ ವೈರ್ ಜೋಡಿಸಿ, ಜೋಡಣೆ ಎಲ್ಲೂ ಗಂಟಾಗದ ಹಾಗೆ ಟೇಪನ್ನು ಇಳಿಜಾರಾಗಿ ಸುತ್ತಿ ಎಳೆಯಿರಿ. ಬಿಗಿ ಅನ್ನಿಸಿದರೆ ಸೋಪಿನ ನೀರು ಅಥವಾ ಸಿಲಿಕೋನ್ ಸ್ಪ್ರೇ ಹಾಕಿ. ಗ್ರೀಸು, ಇಂಜಿನ್ ಆಯಿಲ್ ಬೇಡ. ಗ್ರಾಮೆಟ್ಟಿಗೆ ಸಾಮಾನ್ಯವಾಗಿ ಬಳಸುವ ರಬ್ಬರ್ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ.

ಒಂದು ಕಡೆ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ತಂತಿ ತಗಡು ದಾಟಿತು ಅಂತ ಗೊತ್ತಾಗುತ್ತದೆ, ಒಳಗೆ ನೋಡಿದರೆ ಕಾಣುವುದೇ ಇಲ್ಲ. ಅದು ತಗಡಿಗೂ ಒಳಗಿನ ದಪ್ಪ ಶಬ್ದನಿರೋಧಕ ಹಾಸಿಗೂ ನಡುವೆ ಹೊಕ್ಕಿರುತ್ತದೆ. ಇನ್ನೂ ತಳ್ಳಿದರೆ ಅಲ್ಲೇ ಸುತ್ತಿಕೊಳ್ಳುತ್ತದೆ. ಮೊದಲೇ ಒಳಗಿನಿಂದ ಆ ಹಾಸನ್ನು ಸ್ವಲ್ಪ ಸರಿಸಿ, ಗ್ರಾಮೆಟ್ ಎದುರಿಗೆ ಒಂದು ಸಣ್ಣ ಸೀಳು ಮಾಡಿಟ್ಟುಕೊಂಡರೆ ಈ ಗೋಳು ಇರುವುದಿಲ್ಲ. ವೈರ್ ಎಳೆಯುವಾಗ ಜೊತೆಗೊಂದು ನೈಲಾನ್ ದಾರವನ್ನೂ ಎಳೆದು ಅಲ್ಲೇ ಬಿಟ್ಟುಬಿಡಿ. ಮುಂದೆ ಮತ್ತೊಂದು ವೈರ್ ಬೇಕಾದರೆ ಹ್ಯಾಂಗರ್ ಹುಡುಕಬೇಕಾಗಿಲ್ಲ.

ನಿಮ್ಮ ಆಂಪ್ಲಿಫೈಯರ್ ವೈರಿನ ಹೊರ ದಪ್ಪ ಸುಮಾರು 1 ಸೆಂಟಿಮೀಟರ್ ಬರುತ್ತದೆ. ಅದನ್ನು ಬಾನೆಟ್ ಕೇಬಲ್ಲಿನ ಗ್ರಾಮೆಟ್ಟಿಗೆ ತುರುಕಲು ಹೋಗಬೇಡಿ. ಖಾಲಿ ಮುಚ್ಚಳ ಇಲ್ಲ, ದೊಡ್ಡ ಗ್ರಾಮೆಟ್ಟಿನಲ್ಲೂ ಜಾಗ ಇಲ್ಲ ಅಂದಾಗ ಇನ್ನೊಂದು ದಾರಿ ಇದೆ. ಕೆಲವು ಗಾಡಿಗಳಲ್ಲಿ ಮುಂದಿನ ಫೆಂಡರ್ ಒಳಗಿನಿಂದ ಬಾಗಿಲ ಕೀಲಿನ ಹತ್ತಿರಕ್ಕೆ ಬಂದು, ಅಲ್ಲಿರುವ ರಬ್ಬರ್ ಮೂಲಕ ಒಳಗೆ ಸೇರಬಹುದು. ಚಕ್ರದ ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಬೇಕು, ಕೆಲಸ ಉದ್ದ. ಆದರೂ ಹೊಸ ತೂತಿಗಿಂತ ಇದು ವಾಸಿ.

ಅದೂ ಆಗದಿದ್ದರೆ ಕೊರೆಯಿರಿ. ಕಾರಿನ ವಾರಂಟಿ ಇನ್ನೂ ಇದ್ದರೆ ಅದರ ಷರತ್ತು ಒಮ್ಮೆ ಓದಿಕೊಳ್ಳಿ. ಮುಖ್ಯ ಪ್ರಶ್ನೆ, ತಗಡಿನ ಹಿಂದೆ ಏನಿದೆ? ಏಸಿ ಮತ್ತು ಹೀಟರಿನ ಪೆಟ್ಟಿಗೆ, ಬ್ರೇಕ್ ಪೈಪ್, ಹಾರ್ನೆಸ್, ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಡಬ್ಬಿ. ಎರಡೂ ಕಡೆ ಕಾಣುವ ಒಂದು ಬೋಲ್ಟ್ ಹಿಡಿದು, ಅದರಿಂದ ಅಳತೆ ತೆಗೆದು, ಎರಡೂ ಕಡೆ ಗುರುತು ಹಾಕಿ. ಮೊದಲು 3 ಮಿಲಿಮೀಟರ್ ಬಿಟ್. ಬಿಟ್ಟಿನ ತುದಿ ಮಾತ್ರ ಹೊರಗೆ ಉಳಿಯುವ ಹಾಗೆ ಉಳಿದ ಭಾಗಕ್ಕೆ ಒಂದು ಮರದ ತುಂಡೋ ಪೈಪ್ ತುಂಡೋ ತೊಡಿಸಿ, ಆಗ ತಗಡು ತೂತಾದ ತಕ್ಷಣ ಡ್ರಿಲ್ ಒಳಗೆ ನುಗ್ಗುವುದಿಲ್ಲ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಬಿಟ್ ಹಾಕಿ, ಗ್ರಾಮೆಟ್ಟಿನಲ್ಲಿ ತಗಡು ಕೂರುವ ತೋಡಿಗೆ ಸರಿಯಾಗುವಷ್ಟು ಅಗಲ ಮಾಡಿ. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಕಬ್ಬಿಣದ ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆಸಿ, ಊದಬೇಡಿ. ಬಿದ್ದಲ್ಲೇ ತುಕ್ಕು ಹಿಡಿಯುತ್ತದೆ. ಬರಿಯಾದ ತಗಡಿಗೆ ಪ್ರೈಮರ್, ಬಣ್ಣ. ಒಣಗಿದ ಮೇಲೆ ಗ್ರಾಮೆಟ್. ದಪ್ಪ ವೈರಾದರೆ ನನ್ನ ಆಯ್ಕೆ ನೈಲಾನ್ ಕೇಬಲ್ ಗ್ಲ್ಯಾಂಡ್, ನಟ್ಟು ತಿರುಗಿಸಿದರೆ ವೈರನ್ನು ತಾನೇ ಬಿಗಿ ಹಿಡಿಯುತ್ತದೆ.

ನೀರಿನ ವಿಷಯ. ವೈರ್ ಗೋಡೆಗೆ ಮೇಲಿನಿಂದ ಇಳಿದು ನೇರ ಒಳಗೆ ಹೋದರೆ ಮಳೆ ನೀರು ಅದನ್ನೇ ಹಿಡಿದು ಬರುತ್ತದೆ. ಅದಕ್ಕೇ ತೂತಿಗಿಂತ ಕೆಳಗೆ ಒಂದು ಬಾಗು ಕೊಟ್ಟು, ಆಮೇಲೆ ಮೇಲೆ ಏರಿಸಿ ಒಳಗೆ ಬಿಡಬೇಕು. ನೀರು ಬಾಗಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ. ಗ್ರಾಮೆಟ್ ಸುತ್ತ ಸಿಲಿಕೋನ್ ಹಚ್ಚುವುದಾದರೆ ನ್ಯೂಟ್ರಲ್ ಬಗೆಯದು ಇರಲಿ. ವಿನೆಗರ್ ವಾಸನೆ ಬರುವ ಬಗೆಯದು ತಗಡು, ತಾಮ್ರ ಎರಡನ್ನೂ ತಿನ್ನುತ್ತದೆ. ಪರಿಚಯದವರೊಬ್ಬರ ಕಾರಿನಲ್ಲಿ ಆಂಪ್ಲಿಫೈಯರ್ ಹಾಕಿಸಿದ ಮೇಲೆ ಮುಗ್ಗಲು ವಾಸನೆ ಶುರುವಾಯಿತು. ಏಸಿ ಸರ್ವಿಸ್ ಮಾಡಿಸಿದರು, ಫಿಲ್ಟರ್ ಬದಲಿಸಿದರು, ಹೋಗಲಿಲ್ಲ. ಕಾರ್ಪೆಟ್ ಎತ್ತಿ ನೋಡಿದರೆ ಕೆಳಗಿನ ಸ್ಪಂಜು ಹಿಂಡುವಷ್ಟು ಒದ್ದೆ. ಹಾಕಿದವರು ಗ್ರಾಮೆಟ್ ಸೀಳಿ, ಮೇಲೊಂದು ಟೇಪ್ ಅಂಟಿಸಿ ಬಿಟ್ಟಿದ್ದರು.

ಇನ್ನು ಫ್ಯೂಸ್. ಫ್ಯೂಸ್ ಇರುವುದು ವೈರನ್ನು ಕಾಯಲು. ಹಾಗಾಗಿ ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಆಂಪ್ಲಿಫೈಯರ್ ಪಕ್ಕದಲ್ಲಲ್ಲ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಅಂತ ಕಾರ್ ಆಡಿಯೊದವರು ಪಾಲಿಸುವ ರೂಢಿ. ನಾನು ಅದಕ್ಕಿಂತಲೂ ಹತ್ತಿರ ಇಡುತ್ತೇನೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ ಅಲ್ವಾ? ಅದು ಚಿಕ್ಕದಾದಷ್ಟೂ ಒಳ್ಳೆಯದು. ಆಂಪ್ಲಿಫೈಯರಿನ ಮೇಲೆಯೇ ಫ್ಯೂಸ್ ಇದೆಯಲ್ಲ ಅನ್ನುತ್ತಾರೆ. ಅದು ಆಂಪ್ಲಿಫೈಯರಿಗೆ. ಫೈರ್‌ವಾಲ್ ಹತ್ತಿರ ಶಾರ್ಟ್ ಆದರೆ ಆ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಫಾಗ್ ಲ್ಯಾಂಪಿನ 9 ಆಂಪಿಗೆ 15 ಆಂಪ್ ಫ್ಯೂಸ್, ಎರಡೂವರೆ ಚದರ ಮಿಲಿಮೀಟರ್ ವೈರ್ ಹಾಕಿ.

ಅರ್ತ್ ವೈರನ್ನು ಬ್ಯಾಟರಿವರೆಗೆ ಎಳೆದು ಫೈರ್‌ವಾಲ್ ದಾಟಿಸುವ ಅಗತ್ಯ ಇಲ್ಲ. ಆಂಪ್ಲಿಫೈಯರಿಗೆ ಡಿಕ್ಕಿಯಲ್ಲೇ ಗಟ್ಟಿ ತಗಡು ನೋಡಿ, ಬಣ್ಣ ಕೆರೆದು, ವೈರಿನ ತುದಿಗೆ ಲಗ್ (ಬೋಲ್ಟ್ ತೂರಿಸಲು ತೂತಿರುವ ಲೋಹದ ತುದಿ) ಹಾಕಿ ಬೋಲ್ಟ್ ಬಿಗಿಯಿರಿ. ಅರ್ತ್ ವೈರಿನ ದಪ್ಪ ಪ್ಲಸ್ ವೈರಿನಷ್ಟೇ ಇರಲಿ. ಈಚಿನ ಹಲವು ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಮೇಲೆ ಒಂದು ಸೆನ್ಸರ್ ಕೂತಿರುತ್ತದೆ. ಅದನ್ನು ದಾಟಿಸಿ ನೇರ ಮೈನಸ್ ಕಂಬಕ್ಕೆ ಏನನ್ನೂ ಜೋಡಿಸಬೇಡಿ, ಕಾರಿಗೆ ಬ್ಯಾಟರಿ ಲೆಕ್ಕ ತಪ್ಪುತ್ತದೆ.

ಒಳಗೆ ಬಂದ ವೈರ್ ಪೆಡಲ್ ಮೇಲೆ ಜೋತಾಡಬಾರದು. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೇಲಿರುವ ಹಾರ್ನೆಸ್ಸಿಗೆ ಕೇಬಲ್ ಟೈ ಹಾಕಿ ಕಟ್ಟಿ. ಬಾನೆಟ್ ಕಡೆ ಸೀಳು ಇರುವ ಸುಕ್ಕು ಪೈಪ್ ತೊಡಿಸಿ, ಎಕ್ಸಾಸ್ಟ್ ಮತ್ತು ಫ್ಯಾನ್ ಬೆಲ್ಟಿನಿಂದ ದೂರ ಹಿಡಿಯಿರಿ. ಜೋಡಣೆಗಳನ್ನು ಕ್ರಿಂಪ್ ಮಾಡಿ, ಅಂದರೆ ಲೋಹದ ತುದಿಯೊಳಗೆ ವೈರ್ ಇಟ್ಟು ಇಕ್ಕಳದಿಂದ ಒತ್ತಿ ಬಿಗಿ ಮಾಡಿ. ತಿರುಚಿ ಟೇಪ್ ಸುತ್ತಿದ್ದು ಬಿಸಿಗೆ ಬಿಚ್ಚಿಕೊಳ್ಳುತ್ತದೆ. ಆಂಪ್ಲಿಫೈಯರಿನ ಪ್ಲಸ್ ವೈರ್ ಕಾರಿನ ಒಂದು ಬದಿಯಲ್ಲಿ ಹೋದರೆ ಆಡಿಯೊ ಸಿಗ್ನಲ್ ಕೇಬಲ್ ಇನ್ನೊಂದು ಬದಿಯಲ್ಲಿ ಹೋಗಲಿ, ಇಲ್ಲದಿದ್ದರೆ ಇಂಜಿನ್ ಜೊತೆ ಏರುವ ಕುಂಯ್ ಸದ್ದು ಸ್ಪೀಕರಿನಲ್ಲಿ ಕೇಳುವ ಸಾಧ್ಯತೆ ಜಾಸ್ತಿ.

ಪ್ಲಾಸ್ಟಿಕ್ ಟ್ರಿಮ್ ಮುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು, ವೈರಿನ ಎರಡೂ ತುದಿ ಏನಕ್ಕೂ ಜೋಡಿಸದೆ, ಅದಕ್ಕೂ ಬಾಡಿಗೂ ಸಂಪರ್ಕ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಪೆಡಲ್‌ಗಳನ್ನು ತಳದವರೆಗೆ ಒತ್ತಿ ನೋಡಿ. ಬ್ಯಾಟರಿ ಮೈನಸ್ ಹಾಕಿದ ಮೇಲೂ ಕೊನೆಗೆ ಕೂರಿಸುವುದು ಹೊಸ ಫ್ಯೂಸನ್ನೇ. ಎಲ್ಲ ಸರಿಯಾಗಿ ನಡೆದ ಮೇಲೆ ವಿಂಡ್‌ಶೀಲ್ಡಿನ ಬುಡಕ್ಕೆ ಪೈಪಿನಿಂದ ಸ್ವಲ್ಪ ಹೊತ್ತು ನೀರು ಬಿಡಿ, ಆಮೇಲೆ ಒಳಗಿನ ಹಾಸಿನ ಹಿಂದೆ ಕೈ ಹಾಕಿ. ಒಣಗಿದ್ದರೆ ಟ್ರಿಮ್ ಮುಚ್ಚಬಹುದು.